ವಿಮಾನ ನಿಲ್ದಾಣದಲ್ಲಿ ಪ್ರಭಾರ ಸೋದರತ್ತೆ

ನಮ್ಮ ಯಾದಗಿರಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಇದು ದೊಡ್ಡ ಅನ್ಯಾಯವೆಂದು ಆಗಾಗ ಯಾರಾದರೂ ಮೈಕ್ ಹಿಡಿದು ಹೇಳುತ್ತಾರೆ, ನಾವೂ ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇವೆ. ಆದರೆ ವಿಮಾನ ನಿಲ್ದಾಣವಿಲ್ಲದ ಊರಿನವರಿಗೆ ಒಂದು ದೊಡ್ಡ ಸೌಕರ್ಯವಿದೆ. ಅದರ ಬಗ್ಗೆ ಏನನ್ನು ಬೇಕಾದರೂ ಕಲ್ಪಿಸಿಕೊಳ್ಳಬಹುದು. ನಾನು ಧಾರಾಳವಾಗಿಯೇ ಕಲ್ಪಿಸಿಕೊಂಡಿದ್ದೆ. ನನ್ನ ತಲೆಯೊಳಗಿನ ವಿಮಾನ ನಿಲ್ದಾಣದಲ್ಲಿ ನೆಲದ ಮೇಲೆ ಮುಖ ಕಾಣುತ್ತಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮೂಲೆಗಳು ಮೂಲೆಗಳ ಬಣ್ಣದಲ್ಲೇ ಇದ್ದವು, ಎಲೆಅಡಿಕೆಯ ಬಣ್ಣದಲ್ಲಿರಲಿಲ್ಲ. ನಲ್ಲಿ ತಿರುವುವ ಕಷ್ಟವೂ ಇಲ್ಲ, ಕೈ ಒಡ್ಡಿದರೆ ನೀರು ತಾನೇ ಬೀಳುತ್ತಿತ್ತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನಿರುವ ಶಹಾಪುರದಲ್ಲಿ ಬೆಟ್ಟ ಮನೆಯೆದುರಿಗೇ ಮಲಗಿದೆ. ಅದರ ಒಂದೊಂದು ಬಂಡೆಯೂ ಕಣ್ಣಿಗೆ ಕಾಣುತ್ತದೆ. ಹಾಗಾಗಿ ದೂರದ ಬೆಟ್ಟ ನೋಡಿ ಮೋಸಹೋಗುವ ಅಭ್ಯಾಸ ನಮಗಾಗಿಲ್ಲ. ಅಭ್ಯಾಸವಿಲ್ಲದವನು ಮೋಸಹೋದರೆ ಪೂರ್ತಿ ಹೋಗುತ್ತಾನೆ.

ನಾನು ಹೋದದ್ದು ಹೇಗೆಂದು ಹೇಳುತ್ತೇನೆ. ಮಹಾದೇವಿ ಇದನ್ನು ಓದುವುದಿಲ್ಲವೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಮಹಾದೇವಿ ಎಂದರೆ ನನ್ನ ಹೆಂಡತಿ, ಕೆಂಭಾವಿಯವಳು. ನಾನು ಬರೆದದ್ದನ್ನು ಅವಳು ಓದುವುದು ಕಡಿಮೆ. ದಿನಾ ಕೇಳುವುದೇ ಸಾಕಾಗಿದೆ ಎನ್ನುತ್ತಾಳೆ. ಅವಳ ತಾಯಿ ನೀಲಮ್ಮ ತೀರಿಕೊಂಡಾಗ ತಮ್ಮ ಬಸವರಾಜ ಇನ್ನೂ ಚಡ್ಡಿ ಹಾಕಲು ಕಲಿಯದ ಹುಡುಗ. ಇವಳೇ ಅವನಿಗೆ ಉಣಿಸಿ, ಬೈದು, ಓದಿಸಿ ದೊಡ್ಡವನನ್ನು ಮಾಡಿದಳು. ಅವನೀಗ ನಮ್ಮ ಭಾಷೆಯೂ ರೊಟ್ಟಿಯೂ ಸಿಗದಷ್ಟು ದೂರದ ಒಂದು ಊರಿನಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾನೆ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವನಿಗೆ ಒಂದು ಹೆಣ್ಣುಕೂಸು ಹುಟ್ಟಿತು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಕರೆಯುವ ಹಕ್ಕು ಸೋದರತ್ತೆಯದು, ಅಂದರೆ ತಂದೆಯ ಅಕ್ಕನದೋ ತಂಗಿಯದೋ. ಅವಳು ಬಾಯಿಬಿಟ್ಟು ಕರೆದದ್ದೇ ಹೆಸರು. ಆಮೇಲೆ ಅದನ್ನು ಅಲ್ಲಾಡಿಸುವವರಿಲ್ಲ. ಮಹಾದೇವಿಗೆ ತನ್ನ ಅವ್ವನ ಹೆಸರೇ ಮನೆಯಲ್ಲಿ ಮತ್ತೆ ಕೇಳಬೇಕು ಎಂದು ಆಸೆ. ಬಸವರಾಜನಿಗೂ ಆಸೆಯೇ, ಆದರೆ ಹೆಂಡತಿಯ ಎದುರು ಹೇಳುವಷ್ಟು ದೊಡ್ಡ ಆಸೆಯಲ್ಲ. ಕೂಸಿನ ಚಿಕ್ಕಮ್ಮ, ಅಂದರೆ ಬಸವರಾಜನ ನಾದಿನಿ, ಬೇರೊಂದು ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಇಟ್ಟುಕೊಂಡಿದ್ದಳು. ಎರಡೇ ಅಕ್ಷರದ ಹೆಸರು. ಅದರ ಅರ್ಥವನ್ನು ಮತ್ತೆ ಮೊಬೈಲಿನಲ್ಲೇ ಹುಡುಕಬೇಕು. ಸೋದರತ್ತೆ ಬಾರದಿದ್ದರೆ ತೊಟ್ಟಿಲಿಗೆ ಬಗ್ಗುವವಳು ಅವಳೇ ಎಂದು ಮೊದಲೇ ತೀರ್ಮಾನವಾಗಿತ್ತು. ಅವಳೂ ಅವಳ ತಾಯಿ ಈರಮ್ಮನೂ ಸುರಪುರದಿಂದ ತೊಟ್ಟಿಲು ಸಮೇತ ರೈಲಿನಲ್ಲಿ ಯಾವಾಗಲೋ ಹೋಗಿ ಕೂತಿದ್ದರು.

ನಾವೂ ಅವರ ಜೊತೆಗೇ ಹೋಗಬಹುದಿತ್ತು. ನಾನು ಒಪ್ಪಲಿಲ್ಲ. ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ರಜೆ ಸಿಗುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ. ನಾನಿಲ್ಲದಿದ್ದರೆ ಕಚೇರಿ ನಿಲ್ಲುತ್ತದೆ ಎಂದೂ ಸೇರಿಸಿದೆ. ಇದ್ದರೂ ಅದು ನಿಂತೇ ಇರುತ್ತದೆಂಬುದು ಮಹಾದೇವಿಗೆ ಗೊತ್ತಿದೆ. ಮರ್ಯಾದೆಗೆ ಸುಮ್ಮನಿದ್ದಳು. ನಿಜ ಏನೆಂದರೆ ನನಗೆ ವಿಮಾನ ಹತ್ತಬೇಕಿತ್ತು, ಮತ್ತು ಹತ್ತಿದ್ದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಾಗಬೇಕಿತ್ತು. ನೇರ ಹೋಗುವ ವಿಮಾನದ ದರ ಕೇಳಿ ಎದೆ ಹಿಡಿದುಕೊಂಡು, ನಡುವೆ ಒಂದು ಊರಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವ ಟಿಕೆಟು ತೆಗೆಸಿದೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನ ನಡುವಿನ ಊರು, ಹೊತ್ತು ಮುಳುಗುವುದರೊಳಗೆ ತಮ್ಮನ ಮನೆ. ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲು. ಲೆಕ್ಕ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನಾನು ಅದನ್ನು ಟೀ ಅಂಗಡಿಯಲ್ಲಿ ಕೇಳದವರಿಗೂ ವಿವರಿಸಿದೆ.

ಹೊರಡುವ ಮುಂಚಿನ ವಾರವೆಲ್ಲ ಮಹಾದೇವಿಗೆ ನನ್ನಿಂದ ತರಬೇತಿ. ಅಲ್ಲಿ ದೊಡ್ಡ ದನಿಯಲ್ಲಿ ಮಾತಾಡಬಾರದು. ಕಂಡವರನ್ನೆಲ್ಲ ಯಾವ ಊರು, ಎಷ್ಟು ಮಕ್ಕಳು ಎಂದು ಕೇಳಬಾರದು. ನೆಲದ ಮೇಲೆ ಕೂತು ಬುತ್ತಿ ಬಿಚ್ಚಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಕಡೆಯ ಪದ್ಧತಿಯನ್ನು ಅಲ್ಲಿ ಮರೆಯಬೇಕು. ಅವಳು ಎಲ್ಲದಕ್ಕೂ ಹೂಂಗುಟ್ಟುತ್ತ ರೊಟ್ಟಿ ಬಡಿಯುತ್ತಿದ್ದಳು. ನಾನು ಮುಗಿಸಿದ ಮೇಲೆ ಒಂದೇ ಮಾತು ಕೇಳಿದಳು. "ಮತ್ತ ಇಷ್ಟೆಲ್ಲಾ ಬಂದೋಬಸ್ತ ಇರೂ ಜಾಗ್ದಾಗ ನಿಮ್ಮನ್ನ ಹ್ಯಾಂಗ ಒಳಗ ಬಿಡ್ತಾರ್ರಿ?"

ಮೊದಲ ವಿಮಾನ, ಮೊದಲ ನಿಲ್ದಾಣ ಎಲ್ಲ ಸುಸೂತ್ರ. ಅದರ ಬಗ್ಗೆ ಹೇಳುವುದೇನಿಲ್ಲ. ಸುಸೂತ್ರವಾದದ್ದರ ಬಗ್ಗೆ ಹೇಳಲು ನನಗೆ ಬರುವುದೂ ಇಲ್ಲ. ನಡುವಿನ ಊರಿನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಆ ಊರಿನವರು ಒಳ್ಳೆಯವರೇ ಇರಬಹುದು, ನಾವು ನೋಡಿದ್ದು ನಿಲ್ದಾಣವನ್ನಷ್ಟೇ. ಹೊರಗೆ ಆಳೆತ್ತರದ ಅಕ್ಷರಗಳಲ್ಲಿ ಅಂತಾರಾಷ್ಟ್ರೀಯ ಎಂದು ಬರೆದಿತ್ತು. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆ ನೀರಿಗೂ ಗತಿಯಿಲ್ಲ ಎಂಬ ಗಾದೆ ನನಗೆ ಒಳಗೆ ಕಾಲಿಟ್ಟ ಮೇಲೆ ನೆನಪಾಯಿತು. ಮಾಡಿನ ಹಲಗೆಗಳು ಅಲ್ಲಲ್ಲಿ ಬಿದ್ದುಹೋಗಿ ಒಳಗಿನ ವೈರುಗಳು ಇಣುಕಿ ನಮ್ಮನ್ನು ನೋಡುತ್ತಿದ್ದವು. ಒಂದು ಕಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಕೆಳಗೊಂದು ಬಕೆಟ್ಟು, ಬಕೆಟ್ಟಿನ ಸುತ್ತ ನಾಲ್ಕು ಹಿತ್ತಾಳೆ ಕಂಬ, ಕಂಬಗಳಿಗೆ ಕೆಂಪು ಪಟ್ಟಿ. ದೊಡ್ಡ ಮನುಷ್ಯರಿಗೆ ಮಾಡುವ ವ್ಯವಸ್ಥೆ ಅದು. ಹೊರಗೆ ಮಳೆಯೇನೂ ಇರಲಿಲ್ಲ. ಹಾಗಾದರೆ ಈ ನೀರು ಯಾವುದು ಎಂದು ಯೋಚಿಸುವುದನ್ನು ನಾನು ಬೇಗ ಬಿಟ್ಟೆ. ತಾನೇ ಮೇಲೇರಬೇಕಾದ ಮೆಟ್ಟಿಲುಗಳು ನಿಂತುಹೋಗಿ ಬರೀ ಮೆಟ್ಟಿಲುಗಳಾಗಿದ್ದವು. ಸಾಮಾನಿನ ಗಾಡಿಗೆ ನಾಲ್ಕು ಚಕ್ರವಿದ್ದು ನಾಲ್ಕಕ್ಕೂ ಬೇರೆ ಬೇರೆ ಊರಿಗೆ ಹೋಗುವ ಮನಸ್ಸಿತ್ತು. ನಲ್ಲಿಯ ಕೆಳಗೆ ಕೈ ಒಡ್ಡಿದೆ. ನೀರು ಬರಲಿಲ್ಲ. ಎರಡು ಕೈ ಒಡ್ಡಿದೆ. ಪಕ್ಕದವರು ನನ್ನನ್ನು ಭಿಕ್ಷೆ ಬೇಡುವವನೆಂದು ತಿಳಿಯುವ ಮೊದಲು ಅಲ್ಲಿಂದ ಸರಿದೆ.

ಎಲ್ಲಿ ನೋಡಿದರಲ್ಲಿ ಕಾಗದ ಅಂಟಿಸಿದ್ದರು. ದುರಸ್ತಿಯಲ್ಲಿದೆ, ದುರಸ್ತಿಯಲ್ಲಿದೆ. ಕೆಲವು ಕಾಗದಗಳು ಎಷ್ಟು ಹಳೆಯವಾಗಿದ್ದವೆಂದರೆ ಅವುಗಳಿಗೇ ದುರಸ್ತಿ ಬೇಕಿತ್ತು. ಕುರ್ಚಿಗಳ ಕಥೆ ಇನ್ನೂ ವಿಚಿತ್ರ. ಸಾಲಿಗೆ ಐದರಂತೆ ಇದ್ದವು, ಆದರೆ ಕೆಲವಕ್ಕೆ ಬೆನ್ನಿರಲಿಲ್ಲ, ಕೆಲವಕ್ಕೆ ಬೆನ್ನು ಮಾತ್ರ ಇತ್ತು. ಕೂರಲು ಯೋಗ್ಯವಾದ ಕುರ್ಚಿಗಳ ಮೇಲೆ ಯಾರೋ ಬೆಳಗಿನಿಂದ ಕೂತಿದ್ದರು. ಅವರು ಏಳುವ ಲಕ್ಷಣ ಕಾಣಲಿಲ್ಲ. ನಾನು ಇನ್ನೂ ಸಭ್ಯತೆಯಿಂದ ಸುತ್ತ ನೋಡುತ್ತ ನಿಂತಿದ್ದಾಗಲೇ ಮಹಾದೇವಿ ದೂರದಲ್ಲಿ ಇಬ್ಬರು ಏಳುವುದನ್ನು ಕಂಡು, ನನ್ನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು, ಮೂರು ಸಾಲು ದಾಟಿಸಿ ಎಸೆದಳು. ಟವೆಲ್ ಎರಡು ಕುರ್ಚಿಗಳ ಮೇಲೆ ಅಗಲವಾಗಿ ಬಿತ್ತು. ಅತ್ತ ಹೊರಟಿದ್ದ ಕೋಟಿನ ಮನುಷ್ಯನೊಬ್ಬ ಅದನ್ನು ನೋಡಿ ಗಕ್ಕನೆ ನಿಂತ, ಆಮೇಲೆ ತಲೆಬಾಗಿಸಿ ಬೇರೆ ಕಡೆ ಹೋದ. ಅವನು ಯಾವ ದೇಶದವನೋ ತಿಳಿಯದು, ಟವೆಲಿನ ಕಾನೂನು ಅವನಿಗೂ ಗೊತ್ತಿತ್ತು. ನಾನೂ ಹೋಗಿ ಕೂತೆ. ಇನ್ನೊಂದು ಸ್ವಲ್ಪ ಹೊತ್ತಿಗೆ ಬುತ್ತಿಯೂ ಬಿಚ್ಚಿತು. ಶೇಂಗಾ ಚಟ್ನಿಯ ವಾಸನೆಗೆ ಆ ಕಡೆ ಈ ಕಡೆಯವರು ತಿರುಗಿದರು. ಮಹಾದೇವಿ ಯಾವ ಊರು, ಎಷ್ಟು ಮಕ್ಕಳು ಎಂದು ಕೇಳಲು ಶುರುಮಾಡಿದಳು. ನನ್ನ ತರಬೇತಿ ಅಲ್ಲಿಗೆ ಮುಗಿಯಿತು.

ಆಗ ಗೋಡೆಯ ಫಲಕ ನೋಡಿದೆ. ನಮ್ಮ ವಿಮಾನದ ಸಾಲಿನ ಎದುರು ಕಪ್ಪಗಿತ್ತು. ಉಳಿದ ಸಾಲುಗಳ ಎದುರೂ ಕಪ್ಪಗಿತ್ತು. ಫಲಕವೇ ಕೆಟ್ಟಿದೆಯೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮೈಕಿನಲ್ಲಿ ಮೂರು ಭಾಷೆಯಲ್ಲಿ ವಿಷಾದ ಕೇಳಿಬಂತು. ಕಂಪೌಂಡ್ ಗೋಡೆ ಬಿದ್ದ ಕಡೆಯಿಂದ ನಾಯಿಗಳು ಒಳಗೆ ಬಂದು ವಿಮಾನ ಓಡುವ ಹಾದಿಯಲ್ಲಿ ಮಲಗಿವೆಯಂತೆ, ಅವನ್ನು ಎಬ್ಬಿಸುವ ತನಕ ನಮ್ಮ ವಿಮಾನ ಇಳಿಯುವಂತಿಲ್ಲವಂತೆ. ಇದನ್ನು ಕೇಳಿ ನನಗೆ ಒಂದು ಕ್ಷಣ ಊರಿಗೆ ಬಂದಷ್ಟು ಸಮಾಧಾನವಾಯಿತು. ನಾಯಿಗಳು ಎದ್ದವು. ಆಮೇಲೆ ಮೆಟ್ಟಿಲುಗಾಡಿ ಕೆಟ್ಟಿತು. ವಿಮಾನ ಬಂದು ನಿಂತಿದೆ, ಅದರೊಳಗೆ ಜನ ಇದ್ದಾರೆ, ಇಳಿಸಲು ಮೆಟ್ಟಿಲಿಲ್ಲ. ಕಿಟಕಿಯ ಆಚೆ ಅವರು, ಈಚೆ ನಾವು, ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಬಿಸಿಲು ಕುರ್ಚಿಯ ಕಾಲಿನಿಂದ ಗೋಡೆಗೆ ಏರಿತು. ಮಹಾದೇವಿಯ ಮಾತು ಕಡಿಮೆಯಾಯಿತು. ಹೊತ್ತು ಇಳಿಯುತ್ತಿರುವುದನ್ನು ಅವಳು ನೋಡುತ್ತಿದ್ದಳು, ಅವಳನ್ನು ನಾನು ನೋಡುತ್ತಿದ್ದೆ. ಟೀ ಅಂಗಡಿಯಲ್ಲಿ ವಿವರಿಸಿದ ಆ ಸುಂದರ ಲೆಕ್ಕವನ್ನು ಬೆರಳೆಣಿಸಿ ಮತ್ತೆ ಹಾಕಿ ನೋಡಿದೆ, ಅದು ಕೂರಲಿಲ್ಲ.

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ದೂರು ಕೊಡುವುದರಲ್ಲಿ ನನಗೆ ಶಹಾಪುರದಲ್ಲಿ ಸ್ವಲ್ಪ ಹೆಸರಿದೆ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಮಾಲೀಕನನ್ನು ಕರೆಸುವವನು ನಾನು. ಎದ್ದು ಹೋಗಿ ಮೊದಲ ಕೌಂಟರಿನಲ್ಲಿ ಜೋರು ಮಾಡಿದೆ. ಅಲ್ಲಿನ ಹುಡುಗಿ ಮಧುರವಾಗಿ ನಕ್ಕು, ಮೆಟ್ಟಿಲು ನಮಗೆ ಸಂಬಂಧಿಸಿದ್ದಲ್ಲ, ಅದು ಬೇರೆಯವರದು ಎಂದಳು. ಆ ಬೇರೆಯವರನ್ನು ಫಲಕದ ಬಗ್ಗೆ ಕೇಳಿದರೆ, ಅದು ನಮ್ಮದಲ್ಲ ಎಂದರು. ಫಲಕದವರನ್ನು ಹುಡುಕಿದರೆ ಅಲ್ಲಿ ಕುರ್ಚಿ ಇತ್ತು, ಕುರ್ಚಿಯ ಮೇಲೆ ಕೋಟು ಇತ್ತು, ಮನುಷ್ಯನಿರಲಿಲ್ಲ. ಈಗ ತಾನೇ ಊಟಕ್ಕೆ ಹೋದರು ಎಂದು ಪಕ್ಕದವನು ಹೇಳಿದ. ಆ ಕ್ಷಣ ನನಗೆ ಸಿಟ್ಟಿನ ಜೊತೆ ಒಂದು ಬಗೆಯ ಗೌರವವೂ ಮೂಡಿತು. ಕುರ್ಚಿಗೆ ಕೋಟು ಹಾಕಿ ಹೋಗುವುದು ಎಂಥ ಹಳೆಯ ವಿದ್ಯೆಯೆಂದು ನಮ್ಮ ಗುಮಾಸ್ತರ ಕುಲದವರಿಗಷ್ಟೇ ಗೊತ್ತು. ಮೇಲಧಿಕಾರಿಯನ್ನು ಕರೆಯಿರಿ ಎಂದು ನಮ್ಮ ಕಡೆಯ ಹಿಂದಿಯಲ್ಲಿ ಕೂಗಿದೆ. ಮೇಲಧಿಕಾರಿ ಬರುತ್ತಾರೆ ಎಂದರು. ಎಲ್ಲರಿಗೂ ಅದನ್ನೇ ಹೇಳಿದ್ದರಂತೆ. ಸಿಟ್ಟು ಹೊತ್ತುಕೊಂಡು ಅತ್ತಿತ್ತ ಅಲೆಯುವ ನೂರಾರು ಜನ ಅಲ್ಲಿದ್ದರು. ಇಳಿಸಲು ಯಾರಿಗೂ ಒಂದು ವಿಳಾಸ ಸಿಕ್ಕಿರಲಿಲ್ಲ.

ಹಿಂದಿರುಗಿ ಬರುವಷ್ಟರಲ್ಲಿ ಮಹಾದೇವಿ ಫೋನಿನಲ್ಲಿದ್ದಳು. ಅತ್ತಲಿಂದ ಬಸವರಾಜ. ಇವಳು ಬರುವುದು ಆಗಲಿಕ್ಕಿಲ್ಲವೆಂದು ಅವನಿಗೂ ಗೊತ್ತಾಗಿತ್ತು. "ಅಕ್ಕ, ನೀ ಚಿಂತಿ ಮಾಡಬ್ಯಾಡ. ವಿಡಿಯೋದಾಗ ಕರಿ. ಫೋನ್ ತೊಟ್ಲದಾಗ ಕೂಸಿನ ಕಿವಿಗಿ ಹಿಡೀತೀನಿ. ನಮ್ಮತ್ತಿನ್ನ ಒಪ್ಪಿಸೀನಿ. ಆದ್ರ ಹೊತ್ತ ಮೀರಬಾರ್ದು. ಶಾಸ್ತ್ರ ಮಾಡ್ಸೂ ಅಯ್ಯನವರು ಇನ್ನೊಂದು ಕಡಿ ಹೋಗೂದದ ಅಂತ ಅವಸ್ರ ಮಾಡಾಕತ್ಯಾರ." ಮಹಾದೇವಿಯ ಮುಖದಲ್ಲಿ ಬೆಳಿಗ್ಗೆ ಹೊರಟಾಗಿನ ಬೆಳಕು ಅರ್ಧ ಮರಳಿತು. ಅವ್ವನ ಹೆಸರು ಕರೆಯುವಾಗ ಮುಖ ತೊಳೆದು ಕುಂಕುಮ ಸರಿಮಾಡಿಕೊಳ್ಳದೆ ಕರೆಯುವುದು ಹೇಗೆ ಎಂದು ಫೋನನ್ನು ನನ್ನ ಕೈಗಿಟ್ಟು ಹೆಂಗಸರ ಬಾತ್‌ರೂಮಿಗೆ ಹೋದಳು.

ಹೋದವಳು ಬರಲಿಲ್ಲ. ನಾನು ಎದ್ದು ಹೋಗಿ ನೋಡಿದರೆ ಹೊರಗಿನ ಓಣಿಯವರೆಗೆ ಹೆಂಗಸರ ಸರತಿ ನಿಂತಿದೆ. ಓಣಿಯ ಕಡೆಗೇ ಇದ್ದ ಬಾಗಿಲುಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ದುರಸ್ತಿಯ ಕಾಗದ. ಆ ಒಂದು ಬಾಗಿಲು ಒಳಗಿನಿಂದ ಹಾಕಿಕೊಂಡಿದೆ, ತೆಗೆಯುತ್ತಿಲ್ಲ. ಸರತಿಯ ಮುಂದೆ ಕಚ್ಚೆಸೀರೆಯ ದಪ್ಪನೆಯ ಹೆಂಗಸೊಬ್ಬಳು ಬಾಗಿಲು ಬಡಿಯುತ್ತಿದ್ದಳು. ನನ್ನನ್ನು ನೋಡಿ, "ಒಳಗ ಇರೂ ಬಾಯಿ ನಿಮ್ಮಕಿ ಏನ್ರಿ?" ಎಂದಳು. ಕನ್ನಡ ಕೇಳಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸೋಲಾಪುರದವಳಂತೆ, ಆ ಕಡೆ ಹೆಂಗಸರನ್ನು ಬಾಯಿ ಎನ್ನುತ್ತಾರೆ. ಹೌದು ನಮ್ಮವಳೇ ಎಂದೆ. ಸರತಿಯ ಹೆಂಗಸರೆಲ್ಲ ನನ್ನನ್ನು ನೋಡಿದ ರೀತಿ ಚೆನ್ನಾಗಿರಲಿಲ್ಲ. ಬಾಗಿಲಿನ ಹತ್ತಿರ ಹೋಗಿ ಕೂಗಿದೆ. ಒಳಗಿನಿಂದ ಮಹಾದೇವಿ, "ಚಿಲಕ ಸಿಕ್ಕೊಂಡದರಿ, ಎಷ್ಟ ಜಗ್ಗಿದ್ರೂ ಬರವಲ್ದು" ಎಂದಳು. ಕಸ ಗುಡಿಸುವ ಹೆಂಗಸು ಬಡಗಿಯನ್ನು ಕರೆಯಲು ಹೋಗಿದ್ದಾಳೆ, ಆದರೆ ಬಾಗಿಲಿನ ಗುತ್ತಿಗೆ ಒಬ್ಬರದು, ಚಿಲಕದ ಗುತ್ತಿಗೆ ಇನ್ನೊಬ್ಬರದು, ಯಾರು ಬರಬೇಕೆಂದು ಅಲ್ಲಿ ಮಾತುಕತೆ ನಡೆದಿದೆ ಎಂದು ಸೋಲಾಪುರದ ಬಾಯಿ ವರದಿ ಕೊಟ್ಟಳು.

ಅದೇ ಹೊತ್ತಿಗೆ ನನ್ನ ಕೈಯಲ್ಲಿ ಫೋನು ಬಡಿದುಕೊಂಡಿತು. ತೆರೆಯ ಮೇಲೆ ಬಸವರಾಜ, ಅವನ ಹಿಂದೆ ಹೂ ಕಟ್ಟಿದ ತೊಟ್ಟಿಲು, ತೊಟ್ಟಿಲ ಪಕ್ಕ ಬೀಗತಿ ಈರಮ್ಮ, ಈರಮ್ಮನ ಪಕ್ಕ ಹೊಸ ಸೀರೆಯ ಚಿಕ್ಕಮ್ಮ. "ಮಾಮಾ, ಅಕ್ಕ ಎಲ್ಲಿ? ಹೊತ್ತ ಮುಗೀಲಾಕ ಬಂತು." ನಾನು ಫೋನನ್ನು ಅಂಗೈಯಲ್ಲಿ ಮುಚ್ಚಿ ಬಾಗಿಲಿಗೆ ಬಾಯಿ ಹಚ್ಚಿದೆ. ಮಹಾದೇವಿ, ಅಲ್ಲಿಂದಲೇ ಕರೆದುಬಿಡು, ಬಾಗಿಲ ಸಂದಿಯಲ್ಲಿ ಫೋನು ಹಿಡಿಯುತ್ತೇನೆ ಎಂದೆ. ಅವಳು, "ಸಂಡಾಸದಾಗ ನಿಂತು ನಮ್ಮವ್ವನ ಹೆಸ್ರು ಕರೀಲೇನ್ರಿ?" ಎಂದಳು. ದನಿ ನಡುಗಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನ ಮೇಲೆ ಕೂಗಾಡಿದ್ದನ್ನು ಸಾಕಷ್ಟು ಕೇಳಿದ್ದೇನೆ. ಈ ದನಿಯನ್ನು ಕೇಳಿರಲಿಲ್ಲ. ಆ ಇಡೀ ಕಟ್ಟಡವನ್ನು ಕೈಯಾರೆ ಕೆಡವಬೇಕು ಅನ್ನಿಸಿತು. ಅದು ತಾನೇ ಆ ಕೆಲಸ ಮಾಡಿಕೊಳ್ಳುತ್ತಿದ್ದುದರಿಂದ ಸುಮ್ಮನಾದೆ. ಮತ್ತೆ ಒಳಗಿನಿಂದ ದನಿ ಬಂತು. "ನೀವು ಕರೀರಿ. ನನ್ನ ಬದ್ಲಿ ನೀವು ಕರೀರಿ. ತೊಟ್ಲ ಆ ಚಿಕ್ಕಮ್ಮನ ಕೈಗಿ ಮಾತ್ರ ಹೋಗಬಾರ್ದು."

ನಾನು ಫೋನು ತೆರೆದು ವಿಷಯ ಹೇಳಿದೆ. ಎಲ್ಲಿ ಸಿಕ್ಕಿಕೊಂಡಿದ್ದಾಳೆಂದು ಹೇಳಲಿಲ್ಲ, ಒಂದು ಬಾಗಿಲಿನ ಆಚೆ ಎಂದೆ. ಈರಮ್ಮ ಗಲ್ಲದ ಮೇಲೆ ಕೈಯಿಟ್ಟಳು. "ಅಯ್ಯ, ಗಂಡಸ್ರು ಹೆಸ್ರು ಕರೀತಾರೇನ್ರಿ ಬೀಗ್ರ? ಎಲ್ಲ್ಯಾರ ಕೇಳೀರೇನು?" ಚಿಕ್ಕಮ್ಮ ತೊಟ್ಟಿಲ ಕಡೆ ಅರ್ಧ ಹೆಜ್ಜೆ ಸರಿದದ್ದು ತೆರೆಯ ಮೇಲೆ ಸ್ಪಷ್ಟವಾಗಿ ಕಂಡಿತು. ಆಗ ನನ್ನ ಇಡೀ ನೌಕರಿ ನನ್ನ ಕೈ ಹಿಡಿಯಿತು. "ಅವ್ವಾರ," ಎಂದೆ, "ಸಾಹೇಬ್ರು ಇಲ್ದಾಗ ಅವರ ಕುರ್ಚಿ ಮ್ಯಾಲ ಪ್ರಭಾರ ಅಂತ ಇನ್ನೊಬ್ರು ಕುಂದರ್ತಾರ. ಸಹಿ ಅವ್ರೇ ಹಾಕ್ತಾರ. ಆ ಸಹಿ ನಡೀತದ. ನಾ ಈಗ ಪ್ರಭಾರ ಸೋದರತ್ತಿ." ಈರಮ್ಮ ಅಯ್ಯನವರ ಮುಖ ನೋಡಿದಳು. ಅಯ್ಯನವರು ಗಡಿಯಾರದ ಮುಖ ನೋಡಿದರು. "ನಡೀತದ, ನಡೀತದ, ಲಗೂ ಮುಗಸ್ರಿ" ಎಂದರು.

ಒಪ್ಪಿದ ಮೇಲೆ ಈರಮ್ಮನ ಷರತ್ತುಗಳು ಶುರುವಾದವು. ತಲೆಯ ಮೇಲೆ ಸೆರಗಿನ ಬದಲು ಟವೆಲ್ಲಾದರೂ ಇರಬೇಕು. ಹೆಸರು ಕರೆದ ತಕ್ಷಣ ಕರೆದವರ ಬೆನ್ನಿಗೆ ಹೆಂಗಸರ ಗುದ್ದು ಬೀಳಬೇಕು, ಸೋದರತ್ತೆಯ ಬೆನ್ನಿಗೆ ಬಿದ್ದಷ್ಟೇ ಬೀಳಬೇಕು, ಅದು ತನಗೆ ಕಾಣಬೇಕು. ನಮ್ಮ ತೊಟ್ಟಿಲ ಶಾಸ್ತ್ರದಲ್ಲಿ ಈ ಗುದ್ದು ಯಾಕಿದೆಯೆಂದು ನಾನು ಅನೇಕ ಹಿರಿಯರನ್ನು ಕೇಳಿದ್ದೇನೆ. ಗುದ್ದದಿದ್ದರೆ ಹೆಸರು ನಿಲ್ಲುವುದಿಲ್ಲ ಎಂಬುದಕ್ಕಿಂತ ಹೆಚ್ಚಿನ ಉತ್ತರ ಯಾರೂ ಕೊಟ್ಟಿಲ್ಲ. ಕೊನೆಯದಾಗಿ ಈರಮ್ಮ ಬೆರಳೆತ್ತಿ ಹೇಳಿದಳು. "ಗುದ್ದ ಬಿದ್ದ ಮ್ಯಾಲ ಬಾಯಾಗ ಸಕ್ರಿ ಬೀಳೂತನ ಒಂದ ಕೆಟ್ಟ ಮಾತು ಆಡಬಾರ್ದು ನೋಡ್ರಿ. ಇಲ್ಲ, ಆಗಲ್ಲ, ಕೆಟ್ಟದ, ಹರದದ, ಯಾವ್ದೂ ಬಾಯಿಂದ ಬರಬಾರ್ದು. ಆಡಿದ್ದು ಕೂಸಿಗಿ ಹತ್ತತದ." ನಾನು ಹೂಂ ಎಂದೆ. ಗುದ್ದಲು ಹೆಂಗಸರನ್ನು ಎಲ್ಲಿಂದ ತರುವುದೆಂದು ತಿರುಗಿದರೆ ಸರತಿ ಎದುರಿಗೇ ಇತ್ತು. ಸೋಲಾಪುರದ ಬಾಯಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಅವರಲ್ಲೂ ಅದೇ ಶಾಸ್ತ್ರವಂತೆ. ಅವಳು ಹಿಂದೆ ತಿರುಗಿ ಮರಾಠಿಯಲ್ಲಿ, ಹಿಂದಿಯಲ್ಲಿ, ಕೈಸನ್ನೆಯಲ್ಲಿ ಎಲ್ಲರಿಗೂ ತಿಳಿಸಿದಳು. ಈ ಮನುಷ್ಯನ ಬೆನ್ನಿಗೆ ಗುದ್ದಬೇಕು, ಶಾಸ್ತ್ರ ಇದೆ, ಪುಣ್ಯ ಬರುತ್ತದೆ. ಬೆಳಗಿನಿಂದ ನೀರಿಲ್ಲದೆ, ಕುರ್ಚಿಯಿಲ್ಲದೆ, ಉತ್ತರವಿಲ್ಲದೆ ಅಲೆದು ಕೊನೆಗೆ ಇಲ್ಲಿ ಬಂದು ನಿಂತಿದ್ದ ಆ ಹೆಂಗಸರ ಮುಖಗಳು ಒಮ್ಮೆಲೇ ಅರಳಿದವು.

ಟವೆಲ್ ಹೊದ್ದು ಫೋನಿಗೆ ಬಗ್ಗಿದೆ. ತೆರೆಯ ತುಂಬ ಕೂಸಿನ ಕಿವಿ. ಇಷ್ಟು ಸಣ್ಣ ಕಿವಿ ಇರುತ್ತದೆಂದು ನನಗೆ ಮರೆತೇಹೋಗಿತ್ತು. ಗಂಟಲು ಸರಿಮಾಡಿಕೊಂಡು, ಶಾಸ್ತ್ರದಂತೆ ಕುರ್ರ್ ಎಂದು ಮೂರು ಸಲ, ನೀಲಮ್ಮ, ನೀಲಮ್ಮ, ನೀಲಮ್ಮ ಎಂದೆ. ಬಾಗಿಲಿನ ಆಚೆ ಮಹಾದೇವಿಯೂ ಮೆಲ್ಲಗೆ ಅದನ್ನೇ ಹೇಳುತ್ತಿದ್ದಳು, ನನಗೆ ಕೇಳಿಸಿತು. ಸರತಿಯಲ್ಲಿದ್ದ ಒಬ್ಬ ನರ್ಸಮ್ಮ ಫೋನು ಇಸಿದುಕೊಂಡು ನನ್ನ ಬೆನ್ನಿನ ಕಡೆ ತಿರುಗಿಸಿ ಹಿಡಿದಳು.

ಮೊದಲ ಗುದ್ದು ಸೋಲಾಪುರದ್ದು. ಅದು ಶಾಸ್ತ್ರದ ಗುದ್ದಾಗಿತ್ತು, ಸ್ವಲ್ಪ ಜೋರು ಅಷ್ಟೇ. ಎರಡನೆಯದರಲ್ಲಿ ಶಾಸ್ತ್ರ ಕಡಿಮೆಯಿತ್ತು. ಆಮೇಲಿನವುಗಳಲ್ಲಿ ನನಗೆ ಬಿಡಿಬಿಡಿಯಾಗಿ ಅರ್ಥವಾಗುತ್ತ ಹೋಯಿತು. ಇದು ಮೆಟ್ಟಿಲುಗಾಡಿಯದು, ಇದು ನಾಯಿಗಳದು, ಇದು ಬೆನ್ನಿಲ್ಲದ ಕುರ್ಚಿಯದು. ನಾಜೂಕಾಗಿ ಕಂಡ ಒಬ್ಬ ಕನ್ನಡಕದ ಹೆಣ್ಣುಮಗಳು ಕೈಗಡಿಯಾರ ಬಿಚ್ಚಿ ಬ್ಯಾಗಿನಲ್ಲಿಟ್ಟು ಬಂದು ಗುದ್ದಿದಳು. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಎಂದು ಹಿರಿಯರು ಹೇಳಿದ್ದಾರೆ. ಇಲ್ಲಿ ನಾನು ಅತ್ತೆಯೂ ಹೌದು, ಕೊತ್ತಿಯೂ ಹೌದು. ಆ ಇಡೀ ನಿಲ್ದಾಣದಲ್ಲಿ ಬೆನ್ನು ಕೊಟ್ಟು ನಿಂತ ಮೊದಲ ಜವಾಬ್ದಾರಿಯುತ ಮನುಷ್ಯ ನಾನೇ ಆಗಿದ್ದೆ. ಸುದ್ದಿ ಹಬ್ಬಿ ಪಕ್ಕದ ಸರತಿಯವರೂ ಬಂದರು. ಫೋನಿನಿಂದ ಈರಮ್ಮನ ಮೆಚ್ಚುಗೆ ಕೇಳಿಬರುತ್ತಿತ್ತು. "ಹಾಂ, ಬೀಳಾಕತ್ತಾವ, ಚೊಲೋ ಬೀಳಾಕತ್ತಾವ."

ಅಷ್ಟರಲ್ಲಿ ಗುಂಪು ಸರ್ರನೆ ಸರಿಯಿತು. ಇಸ್ತ್ರಿ ಮಾಡಿದ ಕೋಟು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ವಾಕಿಟಾಕಿ ಹಿಡಿದ ಒಬ್ಬರು ನಡೆದು ಬಂದರು. ಮೇಲಧಿಕಾರಿ. ಬೆಳಗಿನಿಂದ ನೂರು ಜನ ಕೂಗಿದರೂ ಬಾರದವರು, ಹೆಂಗಸರ ಬಾತ್‌ರೂಮಿನ ಮುಂದೆ ಟವೆಲ್ ಹೊದ್ದ ಗಂಡಸೊಬ್ಬನಿಗೆ ಹೊಡೆಯುತ್ತಿದ್ದಾರೆಂಬ ಸುದ್ದಿಗೆ ಓಡಿಬಂದಿದ್ದರು. ನನ್ನನ್ನು ಆಪಾದಮಸ್ತಕ ನೋಡಿ, ಬಹಳ ನಯವಾದ ಹಿಂದಿಯಲ್ಲಿ ಕೇಳಿದರು. ನಮ್ಮ ನಿಲ್ದಾಣದಲ್ಲಿ ತಮಗೆ ಏನಾದರೂ ತೊಂದರೆಯಾಗಿದೆಯೇ? ಏನಾದರೂ ದೂರು ಇದೆಯೇ?

ಇಂಥ ಪ್ರಶ್ನೆಗಾಗಿಯೇ ನಾನು ಹುಟ್ಟಿದ್ದೆ. ಬಕೆಟ್ಟಿನಿಂದ ಹಿಡಿದು ಚಿಲಕದ ತನಕ ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು. ಬಾಯಿ ತೆರೆದೆ. ನರ್ಸಮ್ಮನ ಕೈಯಲ್ಲಿದ್ದ ಫೋನಿನೊಳಗಿಂದ ಈರಮ್ಮನ ಬೆರಳು ಮೇಲೆದ್ದದ್ದು ಕಂಡಿತು. ನನ್ನ ಬಾಯಿಗೆ ಇನ್ನೂ ಸಕ್ಕರೆ ಬಿದ್ದಿರಲಿಲ್ಲ. ಸೋಲಾಪುರದ ಬಾಯಿ ಸಕ್ಕರೆಯ ಬದಲು ಹಾಕಲು ಪೆಪ್ಪರ್‌ಮಿಂಟಿಗಾಗಿ ತನ್ನ ದೊಡ್ಡ ಚೀಲದ ತಳ ಹುಡುಕುತ್ತಿದ್ದಳು, ಅದು ಸಿಗುತ್ತಿರಲಿಲ್ಲ. ಅಧಿಕಾರಿ ಕಾಯುತ್ತಿದ್ದರು. ಅವರ ಹಿಂದೆ ನೂರು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ತೆರೆಯ ಮೇಲೆ ನೀಲಮ್ಮ ಕಣ್ಣು ಬಿಟ್ಟಿದ್ದಳು.

"ಏನೂ ತೊಂದ್ರಿ ಆಗಿಲ್ಲ" ಎಂದರೂ ಅದರಲ್ಲೊಂದು ಇಲ್ಲ ಬರುತ್ತದಲ್ಲ ಎಂದು ಹೊಳೆಯಿತು. "ಎಲ್ಲಾ ಚೊಲೋ ಅದರಿ ಸಾಹೇಬ್ರ" ಎಂದೆ. ಅವರಿಗೆ ತಿಳಿಯಲೆಂದು ಹಿಂದಿಯಲ್ಲೂ ಹೇಳಿದೆ, ಸಬ್ ಅಚ್ಛಾ ಹೈ ಸಾಬ್, ಬಹುತ್ ಅಚ್ಛಾ ಹೈ. ಅವರು ನಂಬದೆ ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಹೇಳಿದೆ. ಆ ಮನುಷ್ಯನ ಕಣ್ಣು ತುಂಬಿಬಂತು. ಅಲ್ಲಿ ನೌಕರಿಗೆ ಸೇರಿದ ಮೇಲೆ ಇಂಥ ಮಾತು ಕೇಳಿದ್ದು ಅದೇ ಮೊದಲಿರಬೇಕು. ನನ್ನ ಎರಡೂ ಕೈ ಹಿಡಿದು ಕುಲುಕಿದರು. ಪಕ್ಕದಲ್ಲಿ ನಿಂತು, ಹೆಗಲ ಮೇಲೆ ಕೈಯಿಟ್ಟು, ತಮ್ಮ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರು. ಸಂತುಷ್ಟ ಪ್ರಯಾಣಿಕ ಎಂದು ಬೆರಳಿನಿಂದ ಟೈಪು ಮಾಡುತ್ತ, ವಾಕಿಟಾಕಿಯಲ್ಲಿ ಎಲ್ಲ ಸರಿಯಿದೆ ಎಂದು ಯಾರಿಗೋ ಹೇಳುತ್ತ, ಬಂದ ದಾರಿಯಲ್ಲೇ ನಡೆದು ಕಣ್ಮರೆಯಾದರು. ಅವರು ತಿರುವು ದಾಟಿದ ಮೇಲೆ ಸೋಲಾಪುರದ ಬಾಯಿಗೆ ಪೆಪ್ಪರ್‌ಮಿಂಟು ಸಿಕ್ಕಿತು. ಅದನ್ನು ನನ್ನ ಬಾಯಿಗೆ ಹಾಕಿದಳು.

ಆಗ ಬಾಗಿಲಿನ ಆಚೆಯಿಂದ ಮಹಾದೇವಿಯ ದನಿ ಬಂತು.

"ರೀ... ಎಲ್ಲಾ ಚೊಲೋ ಅದ ಅಂದ್ರೆಲ್ಲ, ನಾ ಒಳಗ ಇರೂದೂ ಅದ್ರಾಗ ಬಂತೇನ್ರಿ?"

ಪೆಪ್ಪರ್‌ಮಿಂಟು ಬಾಯಲ್ಲಿಟ್ಟುಕೊಂಡೇ ತಿರುಗಿ ನೋಡಿದೆ. ಸರತಿಯ ಹೆಂಗಸರೆಲ್ಲ ಮತ್ತೆ ತೋಳು ಏರಿಸುತ್ತಿದ್ದರು, ಈ ಸಲ ಶಾಸ್ತ್ರವೇನೂ ಇರಲಿಲ್ಲ. ನಾನು ಟವೆಲ್ ತೆಗೆದು ಪಕ್ಕಕ್ಕಿಟ್ಟು, ಅವರ ಕಡೆ ಬೆನ್ನು ಮಾಡಿ ಬಗ್ಗಿ ನಿಂತೆ.